ಅರವತ್ತಮೂರು ಸಾಕ್ಷಿಗಾಜುಗಳು

ನಜ್ಜರೇನಾ ಹುಟ್ಟಾ ಪುಕ್ಕಲಿ. ಇದು ನನ್ನ ಮಾತಲ್ಲ, ಆಸ್ಕೊಲಿಯ ಅರ್ಧ ಊರಿನ ಮಾತು. ಮದುವೆಯ ಫೋಟೊ ತೆಗೆಯಲು ಹೋದ ಕಡೆ ಯಾರೋ ಪಟಾಕಿ ಹಚ್ಚಿದ್ದಕ್ಕೆ ಕ್ಯಾಮೆರಾ ಸಮೇತ ಮೇಜಿನ ಕೆಳಗೆ ಹೋಗಿ ಕೂತವಳು ಅವಳು. ಅಂಥವಳಿದ್ದ ಊರಿಗೇ ಅಕ್ಟೋಬರ್ ಕೊನೆಯಲ್ಲಿ ಆ ದೊಡ್ಡ ಭೂಕಂಪ ಬಂತು. ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು. ಗುಡ್ಡದ ಮೇಲಿನ ಹಳ್ಳಿಗಳು ನೆಲಕಚ್ಚಿದವು. ಆಸ್ಕೊಲಿ ಬೀಳಲಿಲ್ಲ. ಆಸ್ಕೊಲಿ ಬೀಳುವುದೇ ಇಲ್ಲ ಎಂಬುದು ಊರಿನವರ ನಂಬಿಕೆ. ಭೂಕಂಪ ತಡೆಯುವ ಸಂತ ಎಮಿದಿಯೊ ಇಲ್ಲಿನ ದೊಡ್ಡ ಇಗರ್ಜಿಯ ನೆಲಮಾಳಿಗೆಯಲ್ಲೇ ಮಲಗಿದ್ದಾನಲ್ಲ! ಅವನ ಚಿತ್ರ ಅಂಟಿಸದ ಬಾಗಿಲು ಹುಡುಕಿದರೂ ಸಿಗದು. ಸರಿ, ಊರು ಬೀಳಲಿಲ್ಲ, ಆದರೆ ಗೋಡೆಗಳು ಬಿರುಕು ಬಿಟ್ಟವು. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬಂತೆ ಸಣ್ಣ ನಡುಕಗಳು ದಿನಕ್ಕೆ ಒಂದೋ ಎರಡೋ ಬರುತ್ತಲೇ ಇದ್ದವು.

ನಗರಸಭೆಯ ಇಂಜಿನಿಯರ್ ಬಲೆಸ್ತ್ರಾ ಹಳೆಯ ಊರಿನ ಅರವತ್ತಮೂರು ಬಿರುಕುಗಳ ಮೇಲೆ ಒಂದೊಂದು ಸಾಕ್ಷಿಗಾಜು ಕೂರಿಸಿದ. ಅದೇನು ಮಹಾ ಯಂತ್ರವಲ್ಲ. ಗೇಣುದ್ದದ ತೆಳು ಗಾಜಿನ ಪಟ್ಟಿ; ಬಿರುಕಿಗೆ ಅಡ್ಡವಾಗಿ ಇಟ್ಟು ಎರಡು ತುದಿಗೂ ಸುಣ್ಣದ ಗಾರೆ ಮೆತ್ತಿ, ಗಾರೆ ಹಸಿಯಿರುವಾಗಲೇ ಮೊಳೆಯಿಂದ ತಾರೀಕು ಗೀರುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಗಾಜು ಒಡೆದರೆ ಮನೆ ಖಾಲಿ, ಬಾಗಿಲಿಗೆ ಕೆಂಪು ಪಟ್ಟಿ. ಪ್ರತಿ ಗುರುವಾರ ಕಾಲ್ನಡಿಗೆಯಲ್ಲಿ ಊರೆಲ್ಲ ಸುತ್ತಿ ಅರವತ್ತಮೂರನ್ನೂ ಫೋಟೊ ತೆಗೆದು ಕೊಡುವ ಕೆಲಸ ನಜ್ಜರೇನಾಳಿಗೆ ಬಂತು. ಅವಳದೂ ಗಂಡ ಸೆತ್ತಿಮಿಯೊನದೂ ಸೇರಿ ಒಂದು ಪುಟ್ಟ ಫೋಟೊ ಅಂಗಡಿ. ಅವಳು ತೆಗೆಯುತ್ತಾಳೆ, ಅವನು ಕಟ್ಟು ಹಾಕುತ್ತಾನೆ. ಹೆದರುಪುಕ್ಕಲಿ ಈ ಕೆಲಸ ಒಪ್ಪಿಕೊಂಡಳೇ ಎಂದು ಊರು ನಕ್ಕಿತು. ಹೆದರಿದ್ದಕ್ಕೇ ಒಪ್ಪಿಕೊಂಡಳು. ಅರವತ್ತಮೂರರಲ್ಲಿ ಒಂದನೆಯ ನಂಬರಿನ ಗಾಜು ಇದ್ದದ್ದು ಅವಳದೇ ಮನೆಯ ಮೆಟ್ಟಿಲ ತಿರುವಿನಲ್ಲಿ. ಆ ಗೋಡೆಯ ಆಚೆ ಬದಿಗೆ ಮಗಳು ಲವೀನಿಯಾಳ ಮಂಚ.

ಅವಳ ಭಯಕ್ಕೆಲ್ಲ ಇದ್ದದ್ದು ಆ ಒಂದೇ ಹೆಸರು, ಲವೀನಿಯಾ. ಒಂಬತ್ತು ವರ್ಷದ ಹುಡುಗಿ. ಭೂಕಂಪವಾದ ಮೇಲೆ ತಾಯಿ ಮಗಳಿಬ್ಬರೂ ಹೊರಬಾಗಿಲ ಪಕ್ಕ ಹಾಸಿಗೆ ಹಾಸಿಕೊಂಡು, ಕಾಲಿಗೆ ಬೂಟು ಹಾಕಿಕೊಂಡೇ ಮಲಗುತ್ತಿದ್ದರು. ತಾಯಿಗೆ ನಿದ್ದೆ ಎಲ್ಲಿಂದ ಬರಬೇಕು! ಗಾಳಿಗೆ ಕಿಟಕಿ ಅಲುಗಿದರೂ ಎದ್ದು ಕೂರುವಳು, ಟಾರ್ಚು ಹಿಡಿದು ಹೋಗಿ ಗಾಜು ನೋಡುವಳು. ಮೂರು ವಾರದಲ್ಲಿ ಕಣ್ಣು ಗುಳಿ ಬಿದ್ದು, ಕೈ ನಡುಗಿ, ಫೋಟೊಗಳು ಮಸುಕಾಗತೊಡಗಿದವು. ಆಮೇಲೆ ನವೆಂಬರಿನ ಒಂದು ಸೋಮವಾರ ಜೋರಾಗಿ ನಡುಗಿತು. ಅವಳು ನದಿಯಾಚೆಯ ಶಾಲೆಯಲ್ಲಿ ಮಕ್ಕಳ ಗುಂಪು ಫೋಟೊ ತೆಗೆಯುತ್ತಿದ್ದಳು. ಅಲ್ಲೇ ಓದುತ್ತಿದ್ದ ಲವೀನಿಯಾಳನ್ನು ಜೊತೆಗಿಟ್ಟುಕೊಂಡು, ಎಲ್ಲ ಮಕ್ಕಳನ್ನೂ ಅವರವರ ಮನೆಗೆ ಒಪ್ಪಿಸಿ ಮನೆ ಸೇರುವಾಗ ಎರಡು ಗಂಟೆ ಕಳೆದಿತ್ತು. ಸೆತ್ತಿಮಿಯೊ ಬಾಗಿಲಲ್ಲೇ ನಿಂತಿದ್ದ. "ಬಾ, ನೀನೇ ನೋಡು. ಗಾಜು ನೆಟ್ಟಗಿದೆ," ಅಂದ. ನೆಟ್ಟಗೇ ಇತ್ತು! ಅದರ ಮೇಲೂ ಕೆಳಗೂ ಸಂತ ಎಮಿದಿಯೊನ ಚಿತ್ರ ಬೇರೆ ಅಂಟಿಸಿದ್ದ. ನಜ್ಜರೇನಾ ಬೆರಳಿಗೆ ಮುತ್ತಿಟ್ಟು ಆ ಚಿತ್ರ ಮುಟ್ಟಿದಳು, ಅಳುತ್ತಾ ನಕ್ಕಳು. ಅಷ್ಟು ದೊಡ್ಡ ನಡುಕಕ್ಕೇ ಒಡೆಯದ ಗೋಡೆ ಇನ್ನು ಯಾವುದಕ್ಕೆ ಒಡೆದೀತು? ಅಂದಿನಿಂದ ಅವಳಿಗೆ ನಿದ್ದೆ ಬಂತು. ಮಗಳನ್ನೂ ಅವಳ ಮಂಚಕ್ಕೇ ಕಳಿಸಿದಳು.

ಇದು ಹಿಂದಿನ ಮಾತು. ಈಗ ಡಿಸೆಂಬರಿನ ನಡುವಿನ ಗುರುವಾರ, ಮಧ್ಯಾಹ್ನ ಮೂರೂವರೆ. ಬೆಳಗಿನ ಸುತ್ತು ಮುಗಿಸಿ ನಜ್ಜರೇನಾ ಅಂಗಡಿಯಲ್ಲಿ ಒಬ್ಬಳೇ ಕೂತಿದ್ದಳು. ಸೆತ್ತಿಮಿಯೊ ಯಾರದೋ ಮನೆಗೆ ಕಟ್ಟು ಹಾಕಿದ ಚಿತ್ರ ಕೊಡಲು ಹೋಗಿದ್ದ. ಲವೀನಿಯಾ ಮಂಗನಬಾವು ಬಂದು ಮನೆಯಲ್ಲಿ ಮಲಗಿದ್ದಳು. ಕೆಳಮನೆಯವರು ಆಗಾಗ ಹತ್ತಿ ಹೋಗಿ ನೋಡಿ ಬರುತ್ತಿದ್ದರು. ಸೋಮವಾರದೊಳಗೆ ಪ್ರತಿ ಗಾಜಿನ ಎಲ್ಲ ವಾರಗಳ ಫೋಟೊ ಒಂದೇ ಹಾಳೆಯಲ್ಲಿ ಸಾಲಾಗಿ ಬೇಕು ಎಂದು ಬಲೆಸ್ತ್ರಾ ಹೇಳಿದ್ದ. ಇದುವರೆಗೆ ಅವಳು ಹಾಗೆ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಗುರುವಾರ ತೆಗೆದದ್ದನ್ನು ಗುರುವಾರವೇ ಕಳಿಸಿ ಕೈತೊಳೆದುಕೊಳ್ಳುತ್ತಿದ್ದಳು.

ಮೊದಲಿಗೆ ದುಯಿಲಿಯಾಳ ಅಡುಗೆಮನೆಯದನ್ನು ಕಂಪ್ಯೂಟರಿನಲ್ಲಿ ತೆರೆದಳು. ದುಯಿಲಿಯಾ ಸೆತ್ತಿಮಿಯೊನ ಅಕ್ಕ. ನದಿಯ ಹಳೆಯ ಸೇತುವೆಯ ಹತ್ತಿರ, ಒಂದು ಗೋಪುರದ ಮನೆಯ ಬುಡದಲ್ಲಿ, ಮಾಂಸ ತುಂಬಿ ಕರಿಯುವ ಆಲಿವ್ ಕಾಯಿಯ ವ್ಯಾಪಾರ ಅವಳದು. ಕ್ರಿಸ್ಮಸ್ ಹತ್ತಿರ ಬಂದರೆ ಐದು ಹೆಂಗಸರು ಬೆಳಗಿನಿಂದ ಸಂಜೆತನಕ ಆ ಗೋಡೆಗೆ ಬೆನ್ನು ಕೊಟ್ಟು ಕೂತು ಕಾಯಿ ತುಂಬುತ್ತಾರೆ.

ಆರು ಗುರುವಾರ, ಆರು ಫೋಟೊ. ಗಾಜಿಗೆ ಸರಿಯಾಗಿ ಎದುರು, ಒಂದು ಮಾರು ದೂರ, ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತು ತೆಗೆಯಬೇಕೆಂದು ಕಟ್ಟಳೆ. ಹಾಗೆ ನಿಂತರೆ ಗಾಜಿನಲ್ಲಿ ತೆಗೆಯುವವಳ ಪ್ರತಿಬಿಂಬ ಮೂಡದೆ ಇರುತ್ತದೆಯೇ? ಬಲೆಸ್ತ್ರಾ ಮೊದಲ ವಾರವೇ ಹಾಸ್ಯ ಮಾಡಿದ್ದ, "ಅಲ್ಲಮ್ಮಾ, ನಾನು ಕೇಳಿದ್ದು ಅರವತ್ತಮೂರು ಬಿರುಕು. ನೀನು ಅರವತ್ತಮೂರು ನಜ್ಜರೇನಾ ಕಳ್ಸಿದ್ದೀಯಲ್ಲ!"

ಮೊದಲ ಫೋಟೊದಲ್ಲಿ ಅವಳಿದ್ದಳು. ಬೆನ್ನ ಹಿಂದೆ ಬೆಳ್ಳಗಿನ ಕಿಟಕಿ, ಮುಖಕ್ಕೆ ಕ್ಯಾಮೆರಾ, ಎತ್ತಿದ ಮೊಣಕೈ. ಎರಡನೆಯದರಲ್ಲೂ ಇದ್ದಳು. ಮೂರನೆಯದರಲ್ಲೂ ಇದ್ದಳು. ನಾಲ್ಕನೆಯದರಲ್ಲಿ ಇರಲಿಲ್ಲ.

ಗಾಜು ಇತ್ತು, ಗಾರೆ ಇತ್ತು, ಅದೇ ತಾರೀಕು ಇತ್ತು. ಕಿಟಕಿ ಇರಲಿಲ್ಲ, ಅವಳೂ ಇರಲಿಲ್ಲ. ಮೋಡವಿತ್ತೇನೋ ಅಂದುಕೊಂಡಳು. ಎಣ್ಣೆಯ ಹಬೆ ಕೂತಿತ್ತೇನೋ ಅಂದುಕೊಂಡಳು. ಐದನೆಯದನ್ನು ದೊಡ್ಡದು ಮಾಡಿದಳು, ಇಲ್ಲ. ಈ ಬೆಳಿಗ್ಗೆಯದನ್ನು ದೊಡ್ಡದು ಮಾಡಿದಳು. ಈ ಬೆಳಿಗ್ಗೆ ತಾನು ಅಲ್ಲಿ ನಿಂತದ್ದು ನಿಜ, ದುಯಿಲಿಯಾ ಬಾಯಿಗೆ ಬಿಸಿ ಆಲಿವ್ ತುರುಕಿದ್ದು ನಿಜ. ಆದರೂ ಗಾಜಿನಲ್ಲಿ ಯಾರೂ ಇಲ್ಲ. ಒಂದು ಕ್ಷಣ ನಜ್ಜರೇನಾಳಿಗೆ ತಾನು ಬದುಕಿದ್ದೇನೋ ಇಲ್ಲವೋ ಎಂದೇ ಅನ್ನಿಸಿ, ಕೈಯನ್ನು ಮೇಜಿಗೆ ಒತ್ತಿ ಹಿಡಿದಳು.

ಕಣ್ಣು ಸೆತ್ತಿಮಿಯೊನ ಗಾಜು ಕೊಯ್ಯುವ ಹಲಗೆಯ ಕಡೆ ಹೊರಳಿತು. ಕೆಳಗೆ ಚೂರುಗಳ ಡಬ್ಬ. ಚಿತ್ರದ ಮೇಲೆ ದೀಪ ಹೊಳೆದು ಕಣ್ಣಿಗೆ ಹೊಡೆಯಬಾರದೆಂದು ದುಬಾರಿ ಕಟ್ಟುಗಳಿಗೆ ಒಂದು ಮಂಕುಗಾಜು ಹಾಕುತ್ತಾರೆ. ಅದರಲ್ಲಿ ಮುಖ ಕಾಣುವುದಿಲ್ಲ. ಡಬ್ಬದಿಂದ ಗೇಣುದ್ದದ ಚೂರೊಂದನ್ನು ಎತ್ತಿ ಮುಖದ ಎದುರು ಹಿಡಿದಳು. ಕಿಟಕಿ ಇಲ್ಲ, ನಜ್ಜರೇನಾ ಇಲ್ಲ.

ದುಯಿಲಿಯಾಳ ಗೋಡೆಯ ಗಾಜು ಮೂರು ವಾರದ ಹಿಂದೆಯೇ ಒಡೆದುಹೋಗಿದೆ. ಯಾರೋ ಬೇರೆ ಗಾಜು ಕೂರಿಸಿದ್ದಾರೆ. ಯಾರೋ ಏನು, ಈ ಡಬ್ಬದಿಂದ ಗಾಜು ಎತ್ತುವವನು ಒಬ್ಬನೇ. ಗೋಡೆ ಸರಿಯುತ್ತಿದೆ, ಅದರ ಬುಡದಲ್ಲಿ ಐದು ಹೆಂಗಸರು ಕೂತಿದ್ದಾರೆ, ಎಲ್ಲ ಚೆನ್ನಾಗಿದೆ ಎಂದು ಮೂರು ವಾರದಿಂದ ಫೋಟೊ ಕಳಿಸಿದವಳು ತಾನು! ದುಯಿಲಿಯಾಗೆ ಫೋನು ಹಚ್ಚಿದಳು. ಎತ್ತಲಿಲ್ಲ, ಕೈಯೆಲ್ಲ ಹಿಟ್ಟಾಗಿರುತ್ತದೆ. ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬಾಗಿಲು ಹಾಕುವುದನ್ನೂ ಮರೆತು ಓಡಿದಳು.

ಹಳೆಯ ಊರಿನ ಓಣಿಗಳು ಅವಳ ಕಾಲಿಗೆ ಬಾಯಿಪಾಠ. ಆದರೆ ಅಂದು ಅವು ಬೇರೆಯೇ ಆಗಿದ್ದವು. ಎರಡೂ ಕಡೆ ಭುಜಕ್ಕೆ ತಾಗುವ ಕಲ್ಲಿನ ಗೋಡೆಗಳು, ಮೇಲೆ ಬೆರಳಗಲದ ಬೂದು ಆಕಾಶ. ಬೀಳುವುದಾದರೆ ತಪ್ಪಿಸಿಕೊಳ್ಳಲು ಒಂದು ಅಡಿ ಜಾಗವಿಲ್ಲ. ಪ್ರತಿ ಬಾಗಿಲಿನಿಂದಲೂ ಸಂತ ಎಮಿದಿಯೊ ಗೋಡೆಗೆ ಕೈ ಆನಿಸಿ ನಿಂತು ಅವಳನ್ನು ನೋಡುತ್ತಿದ್ದ. ಇಷ್ಟು ದಿನ ಧೈರ್ಯ ಕೊಟ್ಟ ಚಿತ್ರವೇ ಇವತ್ತು ಹೆದರಿಸಿತು. ಇವನ ಬೆನ್ನ ಹಿಂದೆ ಏನೇನಿದೆಯೋ!

ಅಡುಗೆಮನೆಯ ಬಾಗಿಲು ತಳ್ಳಿದ ಕೂಡಲೇ ಕರಿದ ವಾಸನೆ, ನಗು. ಎಲ್ಲರಿಗಿಂತ ಹಿರಿಯಳಾದ ಇದಾ ಅಜ್ಜಿ ಆಲಿವ್ ಕಾಯಿಯನ್ನು ಸುರುಳಿಯಾಗಿ ಬೀಜದಿಂದ ಬಿಡಿಸುತ್ತಾ ತಲೆ ಎತ್ತಿದಳು.

"ಬಂದ್ಲು ನೋಡ್ರೇ ಭೂಕಂಪದಮ್ಮ! ಬೆಳಿಗ್ಗೆ ಬಂದಿದ್ದು ಸಾಲ್ದಾ ತಾಯಿ?"

"ಎಲ್ಲರೂ ಏಳಿ. ಆಚೆ ನಡೀರಿ. ಕೈ ತೊಳೀಬೇಡಿ, ಹಾಗೇ ಏಳಿ," ಅಂದಳು ನಜ್ಜರೇನಾ. ಉಸಿರು ಸಾಲುತ್ತಿರಲಿಲ್ಲ.

ದುಯಿಲಿಯಾ ಜಾಲರಿ ಸೌಟು ಹಿಡಿದು ತಿರುಗಿದಳು. ಎತ್ತರದ, ದಪ್ಪ ಹೆಂಗಸು. "ಏನಾಯ್ತೇ ನಿಂಗೆ? ನಡುಗಿತಾ? ನಮಗೇನೂ ಗೊತ್ತಾಗ್ಲಿಲ್ವಲ್ಲ."

"ಅತ್ತಿಗೆ, ಈ ಗಾಜು ಬಲೆಸ್ತ್ರಾ ಹಾಕಿದ್ದಲ್ಲ."

ದುಯಿಲಿಯಾಳ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ಒಲೆಯ ಕಡೆ ತಿರುಗಿಕೊಂಡಳು. "ಪಾತ್ರೆ ತಾಗಿ ಒಡೀತು. ಸೆತ್ತಿಮಿಯೊ ಬೇರೆ ಹಾಕ್ಕೊಟ್ಟ. ಅಷ್ಟಕ್ಕೆಲ್ಲ ಊರು ಒಂದು ಮಾಡ್ಬೇಕಾ?"

"ಯಾವ ಪಾತ್ರೆ? ಗಾಜು ನನ್ನ ತಲೆ ಎತ್ತರಕ್ಕಿದೆ."

"ಹೌದು ಕಣೆ, ಒಡ್ಕೊಂಡಿತ್ತು! ಬೆಳಿಗ್ಗೆ ಬಂದು ನೋಡ್ದಾಗ ತಾನಾಗೇ ಒಡ್ಕೊಂಡಿತ್ತು. ಏನ್ಮಾಡ್ಬೇಕಿತ್ತು ನಾನು? ಕ್ರಿಸ್ಮಸ್ ಎದುರಿಗಿಟ್ಕೊಂಡು ಬಾಗಿಲಿಗೆ ಕೆಂಪು ಪಟ್ಟಿ ಹಾಕಿಸ್ಕೊಳ್ಳಾ? ಇವರೈದು ಜನ ಎಲ್ಲಿಗೆ ಹೋಗ್ಬೇಕು? ಏಳುನೂರು ವರ್ಷದಿಂದ ನಿಂತಿರೋ ಗೋಪುರ ಇದು. ಮೇಲೊಂದು ಎಮಿದಿಯೊ, ಕೆಳಗೊಂದು ಎಮಿದಿಯೊ ಅಂಟಿಸಿದ್ದೀನಿ. ಅವನು ಹಿಡ್ಕೊಂಡಿದ್ದಾನೆ. ನೀನು ಹೋಗು, ನಿನ್ನ ಮಗೂನ ನೋಡ್ಕೋ."

"ಪುಕ್ಕಲಿ ಮಾತು ಕೇಳಿದ್ರೆ ನಾವು ವರ್ಷವಿಡೀ ಚೌಕದಲ್ಲೇ ಡೇರೆ ಹಾಕ್ಬೇಕು," ಅಂದಳು ಇದಾ ಅಜ್ಜಿ. ಉಳಿದವರು ನಕ್ಕರು.

ನಜ್ಜರೇನಾಳಿಗೆ ವಾದ ಮಾಡುವ ಶಕ್ತಿ ಇರಲಿಲ್ಲ. ಮೇಜಿನ ಮೇಲಿದ್ದ ಚಾಕು ಎತ್ತಿಕೊಂಡು ಹೆಂಗಸರ ನಡುವೆ ನುಗ್ಗಿ, ಕೆಳಗಿನ ಸಂತನ ಚಿತ್ರದ ಅಂಚಿಗೆ ಮೊನೆ ಹಾಕಿ ಸರ್ರನೆ ಎಳೆದಳು. "ಅಯ್ಯೋ ಪಾಪಿ!" ಎಂದು ದುಯಿಲಿಯಾ ಕೂಗಿದಳು. ಚಿತ್ರದ ಹಿಂದೆ ಹಸಿಬಿಳುಪಿನ ಗಾರೆ ತುಂಬಿತ್ತು. ಚಾಕುವಿನ ಹಿಡಿಯಿಂದ ಕುಟ್ಟಿದಳು. ಗಾರೆ ಒಳಕ್ಕೆ ಬಿತ್ತು. ಒಳಗೆಲ್ಲೋ ಆಳದಲ್ಲಿ ಟಪ್ಪೆಂದು ಸದ್ದಾಯಿತು.

ಆ ಸದ್ದಿಗೆ ನಗು ನಿಂತಿತು. ನವೆಂಬರಿನಲ್ಲಿ ಆ ಬಿರುಕಿಗೆ ಒಂದು ನಾಣ್ಯ ತೂರುತ್ತಿರಲಿಲ್ಲ. ಬಲೆಸ್ತ್ರಾ ಎಲ್ಲರೆದುರೇ ತೂರಿಸಲು ನೋಡಿದ್ದ. ಈಗ ನಜ್ಜರೇನಾ ನಾಲ್ಕು ಬೆರಳು ಇಟ್ಟಳು, ಗೆಣ್ಣಿನ ತನಕ ಹೋದವು. ಅಂಗೈ ಹೋಯಿತು. ಒಳಗಿನಿಂದ ತಣ್ಣನೆ ಗಾಳಿ ಬಂದು ಬೆರಳಿಗೆ ಬಡಿಯಿತು. ಅದು ಹೊರಗಿನ ಓಣಿಯ ಗಾಳಿ.

"ಅಮ್ಮಾ ಮರಿಯಾ," ಅಂದಳು ಇದಾ ಅಜ್ಜಿ. ಮಡಿಲಲ್ಲಿದ್ದ ಕಾಯಿಗಳೆಲ್ಲ ಉರುಳುವಂತೆ ಎದ್ದಳು. ಮೊದಲು ಹೊರಬಿದ್ದವಳು ಅವಳೇ. ದುಯಿಲಿಯಾ ಒಲೆ ಆರಿಸಿದಳು, ಗೋಡೆಯ ಕಡೆ ನೋಡಲಿಲ್ಲ, ಸೌಟು ಕೈಯಲ್ಲಿ ಹಿಡಿದುಕೊಂಡೇ ನಡೆದಳು.

ಸೇತುವೆಯ ಬಳಿಯ ಬಯಲಿಗೆ ಬಂದು ನಿಂತಾಗ ಎಲ್ಲರ ಹಲ್ಲು ಕಟಕಟ ಎನ್ನುತ್ತಿತ್ತು. ನಜ್ಜರೇನಾ ಬಲೆಸ್ತ್ರಾನಿಗೆ ಫೋನು ಮಾಡಿ ಹೇಳಿ ಮುಗಿಸುವಷ್ಟರಲ್ಲಿ ಓಣಿಯ ತುದಿಯಲ್ಲಿ ಸೆತ್ತಿಮಿಯೊ ಕಾಣಿಸಿದ. ಅಂಗಡಿಯ ಬಾಗಿಲು ತೆರೆದೇ ಇದ್ದದ್ದನ್ನೂ ಪರದೆಯ ಮೇಲಿನ ಆರು ಫೋಟೊಗಳನ್ನೂ ಅವನು ನೋಡಿ ಬಂದಿದ್ದ. ಅದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು.

ಬೈಯಬೇಕೆಂದಿದ್ದಳು. ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

"ಎಷ್ಟು ಮನೆ?"

"ನಜ್ಜರೇ, ಚಳೀಲಿ ನಿಲ್ಬೇಡ, ಅಂಗಡಿಗೆ..."

"ಎಷ್ಟು ಮನೆ ಅಂದೆ!"

"ನಾಲ್ಕು," ಅಂದ. "ಅಕ್ಕ ಇನ್ನಿಬ್ಬರಿಗೆ ಹೇಳಿಬಿಟ್ಟಳು. ಕಾಲಿಗೆ ಬಿದ್ರು, ಇಲ್ಲ ಅನ್ನಕ್ಕಾಗ್ಲಿಲ್ಲ."

ದುಯಿಲಿಯಾ, ಇನ್ನಿಬ್ಬರು. ಮೂರಾಯಿತು. ನಜ್ಜರೇನಾ ಗಂಡನ ಮುಖ ನೋಡಿದಳು. ಅವನು ನದಿಯ ಕಡೆ ನೋಡಿದ. "ಮೊದಲನೇದು ಯಾರದು?" ಎಂದು ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಕೊರಳಲ್ಲಿ ಕ್ಯಾಮೆರಾ ಇತ್ತು, ಅದರಲ್ಲಿ ಬೆಳಗಿನ ಅರವತ್ತಮೂರು ಫೋಟೊಗಳೂ ಇದ್ದವು. ಕೊನೆಯದರಿಂದ ಹಿಂದೆ ಹಿಂದೆ ಒತ್ತುತ್ತಾ ಹೋದಳು. ಐವತ್ತು, ಮೂವತ್ತು, ಹತ್ತು. ಆತುರದಲ್ಲಿ ಕಣ್ಣಿಗೆ ಬಿದ್ದವುಗಳಲ್ಲೆಲ್ಲ ಆ ಪುಟ್ಟ ಹೆಂಗಸು, ಎತ್ತಿದ ಮೊಣಕೈ. ಒಂದನೆಯ ನಂಬರು ಬಂತು. ಮೆಟ್ಟಿಲ ತಿರುವು. ಮೇಲೊಂದು ಎಮಿದಿಯೊ, ಕೆಳಗೊಂದು ಎಮಿದಿಯೊ, ನಡುವೆ ಗಾಜು. ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು.

ಗಾಜಿನಲ್ಲಿ ಯಾರೂ ಇರಲಿಲ್ಲ.

ಅವಳು ಹೇಗೆ ಓಡಿದಳೋ ಅವಳಿಗೇ ನೆನಪಿಲ್ಲ. ಜನರನ್ನು ತಳ್ಳಿದಳು, ಯಾರದೋ ಸೈಕಲ್ ಬೀಳಿಸಿದಳು. ಬಾಯಲ್ಲಿ ಮಗಳ ಹೆಸರು ಬಿಟ್ಟು ಬೇರೆ ಮಾತಿಲ್ಲ. ಮನೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ತಿರುವಿನಲ್ಲಿ ಆ ಗೋಡೆಯನ್ನು ನೋಡಬಾರದೆಂದರೂ ನೋಡಿದಳು. ಗಾಜು ನೆಟ್ಟಗೇ ಇತ್ತು. ಅದು ನೆಟ್ಟಗಿದ್ದದ್ದೇ ಈಗ ದೊಡ್ಡ ಭಯವಾಗಿತ್ತು.

ಲವೀನಿಯಾ ಕೆನ್ನೆ ಊದಿಸಿಕೊಂಡು, ತಲೆಗೆ ಉಲ್ಲನ್ ಬಟ್ಟೆ ಸುತ್ತಿಕೊಂಡು ಮಂಚದಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು. ಬೆನ್ನು ಗೋಡೆಗೆ ಒರಗಿತ್ತು.

"ಅಮ್ಮಾ, ಯಾಕೆ ಹಂಗೆ ಕಿರುಚ್ತಿದೀಯಾ?"

"ಬಾ ನನ್ನ ಹತ್ರ. ಗೋಡೆ ಮುಟ್ಬೇಡ. ಮೆಲ್ಲಗೆ ಬಾ ಕಂದಾ."

"ಬೂಟು ಹಾಕ್ಕೊಳ್ಳಾ?"

"ಬೇಡ!" ಎಂದು ಕಂಬಳಿ ಸಮೇತ ಎತ್ತಿಕೊಂಡಳು. ಒಂಬತ್ತು ವರ್ಷದ ಮಗು ಹೂವಿನಷ್ಟೇನೂ ಹಗುರವಲ್ಲ. ಎಡಗೈಯಲ್ಲಿ ಕಟಾಂಜನ ಹಿಡಿದು ಇಳಿಯುತ್ತಾ ತಿರುವಿಗೆ ಬಂದಳು. ಆಗ ನಡುಗಿತು. ದೊಡ್ಡದೇನಲ್ಲ, ದಿನವೂ ಬರುವಂಥದ್ದೇ. ಮೇಲಿನ ದೀಪ ಅಲುಗಿತು, ಕೆಳಮನೆಯಲ್ಲಿ ಲೋಟಗಳು ಕಿಣಿಕಿಣಿ ಅಂದವು. ಅವಳ ಕಿವಿಯ ಪಕ್ಕದಲ್ಲೇ ಟಿಕ್ ಎಂದು ಸಣ್ಣ ಸದ್ದಾಯಿತು. ಮಂಕುಗಾಜು ನಡುವೆ ಎರಡಾಗಿತ್ತು. ಮೇಲಿನ ಸಂತ ತಲೆಯಿಂದ ಕಾಲಿನವರೆಗೆ ಹರಿದು, ಆ ಹರಕಿನಿಂದ ಸುಣ್ಣದ ಪುಡಿ ಮಗುವಿನ ಕಂಬಳಿಯ ಮೇಲೆ ಸುರಿಯಿತು. ಕಾಲು ನಿಲ್ಲಲಿಲ್ಲ, ಅದೊಂದು ಪುಣ್ಯ. ಕೆಳಮನೆಯ ಬಾಗಿಲನ್ನು ಒದ್ದು ಒದ್ದು ಅವರನ್ನೂ ಹೊರಡಿಸಿದಳು.

ಬೀದಿಯಾಚೆಯ ಚೌಕದಲ್ಲಿ ನಿಂತು ಅವಳು ಮತ್ತೆ ಮಾಡಿದ ಫೋನಿಗೆ ಬಲೆಸ್ತ್ರಾ ಇಬ್ಬರು ಅಗ್ನಿಶಾಮಕದವರ ಜೊತೆ ಬಂದಾಗ ಐದು ಗಂಟೆ. ಮನೆಯೊಳಗೆ ಹೋಗಿ ಗೋಡೆ ತಟ್ಟಿ ನೋಡಿ ಬಂದ. ಬಾಗಿಲಿಗೆ ಕೆಂಪು ಪಟ್ಟಿ ಎಳೆಸಿದ. ಆಮೇಲೆ ನಜ್ಜರೇನಾಳ ಹತ್ತಿರ ಬಂದು ಮೆಲ್ಲಗೆ, "ಮಂಚದ ತಲೆಭಾಗದ ಗೋಡೆ ಬರೀ ಬಣ್ಣದ ಬಲದ ಮೇಲೆ ನಿಂತಿದೆ ಕಣಮ್ಮಾ," ಅಂದ.

ಸೆತ್ತಿಮಿಯೊ ಸ್ವಲ್ಪ ದೂರದಲ್ಲಿ ನಿಂತಿದ್ದ, ಟೋಪಿ ಕೈಯಲ್ಲಿ ಹಿಂಡುತ್ತಾ. ಅವನು ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ಅವಳಿಗೆ ಬೈಯುವುದಾದರೂ ಸುಲಭವಾಗುತ್ತಿತ್ತು. ಮೆಲ್ಲಗೆ ಹತ್ತಿರ ಬಂದ.

"ಆ ಸೋಮವಾರ ಒಡೀತು," ಅಂದ. "ನೀನು ಬರೋಷ್ಟರಲ್ಲಿ ಹಾಕಿಬಿಟ್ಟೆ. ಎರಡು ದಿನ ಬಿಟ್ಟು ಹೇಳೋಣ ಅಂದ್ಕೊಂಡೆ. ಆ ದಿನ ನೀನು ನಕ್ಕೆ ನೋಡು, ಆಮೇಲೆ ಹೇಳಕ್ಕಾಗ್ಲಿಲ್ಲ. ನೀನು ಹಂಗೇ ನಿದ್ದೆಗೆಟ್ಟಿದ್ದಿದ್ರೆ ಸತ್ತೇಹೋಗ್ತಿದ್ದೆ ಕಣೆ. ನೀನು ನಿದ್ದೆ ಮಾಡ್ಲಿ ಅಂತ ಮಾಡ್ದೆ."

"ಮಾಡಿದೆ," ಅಂದಳು ನಜ್ಜರೇನಾ. "ಒಂದು ತಿಂಗಳು ಚೆನ್ನಾಗಿ ನಿದ್ದೆ ಮಾಡಿದೆ. ಬಾಗಿಲ ಹತ್ರ ಮಲಗಿದ್ದ ಮಗೂನ ಎತ್ಕೊಂಡು ಹೋಗಿ ಆ ಗೋಡೆ ಬುಡದಲ್ಲಿ ಮಲಗಿಸಿ, ಹೊದ್ದಿಸಿ, ದೀಪ ಆರಿಸಿ ಬರ್ತಿದ್ದವಳು ನಾನು."

ಅಷ್ಟು ಹೊತ್ತಿಗೆ ದುಯಿಲಿಯಾಳೂ ಬಂದಿದ್ದಳು, ಸೌಟು ಇನ್ನೂ ಕೈಯಲ್ಲೇ ಇತ್ತು. ನಜ್ಜರೇನಾ ಮಗಳನ್ನು ಕಂಬಳಿ ಸಮೇತ ಅವಳ ತೋಳಿಗೆ ಕೊಟ್ಟಳು. ಕಂಬಳಿಯ ಮೇಲಿದ್ದ ಸುಣ್ಣವನ್ನು ಕೈಯಿಂದ ಕೊಡವಿದಳು. ಆಮೇಲೆ ಗಂಡನ ಕೋಟಿನ ತೋಳು ಹಿಡಿದಳು.

"ಇನ್ನೆರಡು ಮನೆ ಎಲ್ಲಿವೆ?"

"ಒಂದು ಇಗರ್ಜಿ ಹಿಂದೆ. ಇನ್ನೊಂದು ಬಟ್ಟೆ ಅಂಗಡಿ ಮೇಲೆ. ಬಲೆಸ್ತ್ರಾಗೆ ಹೇಳಿದ್ರೆ ಅವರೇ..."

"ಅವರು ಬರ್ತಾರೆ, ಹಿಂದೆ ಬರ್ಲಿ. ಮೊದಲು ನೀನು ನಡಿ," ಅಂದಳು. "ಬಾಗಿಲು ನೀನೇ ತಟ್ಟಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಇಬ್ಬರೂ ಓಣಿಯೊಳಗೆ ಹೊಕ್ಕರು. ಅವಳು ಅವನ ಕೋಟಿನ ತೋಳು ಬಿಡಲಿಲ್ಲ.